ಚಂದ್ರವ್ವ ನನ್ನ ಕಲ್ಪನೆಯಲ್ಲ

ಚಂದ್ರವ್ವ ನನ್ನ ಕಲ್ಪನೆಯ ಕೂಸು ಎಂದು ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಆ ಹೆಸರಿನ ಹಿಂದೆ ಒಬ್ಬ ನಿಜವಾದ ಹೆಣ್ಣುಮಗಳಿದ್ದಾರೆ. ಮೂರು ವರ್ಷ ಅವರ ಕೈಯಿಂದ ಉಂಡವನು ನಾನು. ಉಂಡು, ಕೈ ತೊಳೆದುಕೊಂಡು, ಅವರನ್ನು ಜಿಪುಣಿ ಮಾಡಿ ರಂಗದ ಮೇಲೆ ನಿಲ್ಲಿಸಿದೆ. ಅವರೇ ಬಂದು ಕೇಳಿದಾಗ, ನೀವಲ್ಲ ಎಂದೆ. ಇದಕ್ಕಿಂತ ಹೊಲಸಾದ ಸಂಗತಿ ಇನ್ನೊಂದಿದೆ — ಅವರು ಜಿಪುಣಿಯಲ್ಲ ಎಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು.

ಇದನ್ನು ಈಗ ಬರೆಯಲು ಕಾರಣವಿದೆ. ನನ್ನ ಪಾತ್ರ ರಚನೆಯ ಕೈಪಿಡಿ ಮೂರನೇ ಸಲ ಅಚ್ಚಾಗುತ್ತಿದೆ. ಪ್ರಕಾಶಕರು ಮುನ್ನುಡಿ ಕೇಳಿದ್ದಾರೆ. "ಹೊಸಾ ಬರಹಗಾರರಿಗೆ ನಾಲ್ಕು ಹುರುಪಿನ ಮಾತು ಬರೀರಿ ಸರ್" ಎಂದರು. ನನ್ನಲ್ಲಿ ಹುರುಪಿನ ಮಾತು ಉಳಿದಿಲ್ಲ. ಉಳಿದದ್ದು ಇದು. ಹಾಕುವುದಾದರೆ ಇದನ್ನೇ ಹಾಕಲಿ.

ಚಂದ್ರವ್ವ ಯಾರೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅವಳು ನನ್ನ ಹಾಸ್ಯ ನಾಟಕವೊಂದರಲ್ಲಿ ಬರುವ ಖಾನಾವಳಿಯ ಒಡತಿ, ವಿಧವೆ. ರೊಟ್ಟಿಬುಟ್ಟಿಯನ್ನು ಸೊಂಟಕ್ಕೆ ಅವಚಿಕೊಂಡು ಉಣ್ಣುವವರ ತಾಟಿನ ಮುಂದೆ ನಿಂತು "ಬೇಕೇನು?" ಎನ್ನುತ್ತಾಳೆ. ಅಷ್ಟೇ. ಜನ ಬಿದ್ದು ಬಿದ್ದು ನಗುತ್ತಾರೆ. ಬೇರೆ ಸೀಮೆಯವರಿಗೆ ಇದರಲ್ಲಿ ನಗುವುದೇನಿದೆ ಎಂದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಊಟಕ್ಕೆ ಕೂತವರನ್ನು ಬೇಕೇನು ಎಂದು ಕೇಳುವುದಿಲ್ಲ, ನೀಡುತ್ತಾರೆ. ಸಾಕೆಂದು ಕೈ ಅಡ್ಡ ಹಿಡಿದರೆ ಕೈ ಸರಿಸಿ ನೀಡುತ್ತಾರೆ. "ನನ್ನಾಣಿ, ಇನ್ನೊಂದ ತಗೋರಿ" ಎಂದು ಆಣೆ ಹಾಕುತ್ತಾರೆ. ಹಾಗಿರುವಾಗ ಬುಟ್ಟಿ ಕೈಯಲ್ಲಿ ಹಿಡಿದು ಬೇಕೇನು ಎಂದು ಕೇಳಿದರೆ, ಬೇಡ ಅಂದುಬಿಡು ಎಂದೇ ಅರ್ಥ. ಹುಬ್ಬಳ್ಳಿ-ಧಾರವಾಡದ ಪ್ರೇಕ್ಷಕನಿಗೆ ಆ ಒಂದು ಶಬ್ದ ಸಾಕು. ಅವಳ ಇಡೀ ಜಾತಕ ಅವನಿಗೆ ಗೊತ್ತಾಗಿಬಿಡುತ್ತದೆ, ಅಥವಾ ಗೊತ್ತಾಯಿತೆಂದು ಅವನು ತಿಳಿಯುತ್ತಾನೆ.

ಈಗ ಅದು ಫೋನಿಗೂ ಇಳಿದಿದೆ. ಹಳೆಯ ಪ್ರಯೋಗದ ಧ್ವನಿಯನ್ನು ಯಾರೋ ಕತ್ತರಿಸಿ ಹಾಕಿದರು. ತಾರಿಹಾಳದ ಕಾರ್ಖಾನೆಯ ಹುಡುಗರು ಊಟದ ಬಿಡುವಿನಲ್ಲಿ ಅದಕ್ಕೆ ತುಟಿ ಆಡಿಸಿ ರೀಲ್ಸ್ ಮಾಡುತ್ತಾರೆ. ಮದುವೆಮನೆಯಲ್ಲಿ ಜರಿ ಸೀರೆಯ ಹೆಣ್ಣುಮಕ್ಕಳು ಸೊಂಟಕ್ಕೆ ಬುಟ್ಟಿ ಇಟ್ಟುಕೊಂಡು ಕಣ್ಣು ಹೊರಳಿಸುತ್ತಾರೆ. ನನಗೂ ಕಳಿಸುತ್ತಾರೆ. "ಸರ್, ನಿಮ್ಮ ಚಂದ್ರವ್ವ ಅಮರ" ಎನ್ನುತ್ತಾರೆ. ನಾನೂ ಕೈಮುಗಿಯುವ ಚಿತ್ರ ಒತ್ತಿ ವಾಪಸು ಕಳಿಸುತ್ತೇನೆ — ಇಷ್ಟು ವಯಸ್ಸಾಗಿ, ಇಷ್ಟು ಓದಿ, ಇಷ್ಟೇ ನನ್ನ ಯೋಗ್ಯತೆ.

ಕೈಪಿಡಿಯ ನಾಲ್ಕನೇ ಅಧ್ಯಾಯ ಚಂದ್ರವ್ವನದು. ಅದರ ಹೆಸರು "ನಂಬುವಂಥ ಪಾತ್ರ". ಪುಸ್ತಕದಲ್ಲಿ ಮೂಲಮಾದರಿ ಎಂಬ ದೊಡ್ಡ ಶಬ್ದ ಬಳಸಿದ್ದೇನೆ. ಕಮ್ಮಟಗಳಲ್ಲಿ ಸರಳವಾಗಿ ಅಚ್ಚು ಎನ್ನುತ್ತಿದ್ದೆ. ಜಿಪುಣ ವಿಧವೆ ಒಂದು ಅಚ್ಚು. ಒಳ್ಳೆಯ ಮನಸ್ಸಿನ ಕುಡುಕ ಒಂದು. ಹೆಂಡತಿಗೆ ಅಂಜುವ ಗುಮಾಸ್ತ ಒಂದು. ಎಲ್ಲ ಬಲ್ಲ ಮುದುಕಿ ಒಂದು. ಅಚ್ಚನ್ನು ಆರಿಸಿಕೊಳ್ಳಿ, ಅದಕ್ಕೊಂದು ಅಭ್ಯಾಸ ಹಚ್ಚಿ, ಬಾಯಿಗೊಂದು ಮಾತು ಕೊಡಿ; ಆ ಅಭ್ಯಾಸ, ಆ ಮಾತು ಮಾತ್ರ ಜೀವಂತ ಮನುಷ್ಯರಿಂದ ಎತ್ತಿಕೊಂಡದ್ದಿರಲಿ — ಪಾತ್ರ ಎದ್ದು ಓಡಾಡುತ್ತದೆ. ಹೀಗೆ ಬರೆದಿದ್ದೇನೆ. ಗಣಪತಿ ಮಾಡುವವರೂ ಅಚ್ಚಿಗೆ ಮಣ್ಣು ಮೆತ್ತುತ್ತಾರೆ, ಆದರೆ ಅವರು ಮಣ್ಣನ್ನು ಕೆರೆಯಿಂದ ತರುತ್ತಾರೆ, ಉಂಡ ಮನೆಯಿಂದ ಅಲ್ಲ. "ಎತ್ತಿಕೊಂಡದ್ದು" ಎಂಬ ಶಬ್ದ ನೋಡಿ. ಕದ್ದದ್ದು ಎನ್ನಲು ಬಾಯಿ ಬರದವನು ಹುಡುಕಿಕೊಂಡ ಶಬ್ದ ಅದು.

ಕಮ್ಮಟಗಳೆಂದರೆ — ಉಪ್ಪಿಟ್ಟು, ಚಹಾ, ಸಂಜೆಗೊಂದು ಶಾಲು. ನಾನು ಮೇಜಿನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡು ಅಚ್ಚುಗಳ ಬಗ್ಗೆ ಹೇಳುತ್ತಿದ್ದೆ. ನಲವತ್ತು ಜನ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಒಬ್ಬರೂ ಎದ್ದು, ಮಾಸ್ತರೆ ಇದು ಲಫಂಗತನವಲ್ಲವೇ ಎನ್ನಲಿಲ್ಲ. ಎಲ್ಲರೂ ತಮ್ಮ ತಮ್ಮ ಅತ್ತೆಯನ್ನೋ ಸೋದರಮಾವನನ್ನೋ ಆಗಲೇ ಅಚ್ಚಿಗೆ ತುರುಕುವ ಅವಸರದಲ್ಲಿದ್ದರು. ಅವರನ್ನು ಕಂಡರೆ ನನಗೆ ತಿರಸ್ಕಾರವೇ. ಆದರೆ ಬಯ್ಯಲು ಬಾಯಿಲ್ಲ, ಕಲಿಸಿದವನು ನಾನು.

ಆ ಹೆಣ್ಣುಮಗಳ ಹೆಸರು ನೀಲಗಂಗವ್ವ. ಉಣ್ಣಲು ಬರುವವರಿಗೆಲ್ಲ ನೀಲಾ ಕಾಕು, ಅಂದರೆ ಚಿಕ್ಕಮ್ಮ. ಹುಟ್ಟಿದ್ದು ಗರಗದಲ್ಲಿ. ಮದುವೆಯಾಗಿ ಒಂದು ದೊಡ್ಡ ಮನೆತನಕ್ಕೆ ಹೋಗಿ, ಗಂಡ ತೀರಿದ ಮೇಲೆ ಧಾರವಾಡಕ್ಕೆ ಬಂದು, ಸಪ್ತಾಪುರದ ಒಂದು ಹಂಚಿನ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ಹಾಕಿದ್ದರು. ನಾನಾಗ ಎಂ.ಎ., ಅದರ ಮೇಲೆ ಬಿ.ಎಡ್. ಓದುತ್ತಿದ್ದೆ. ಕಿಟಕಿಯ ಬದಿಯ ಮಣೆ ನನ್ನದು. ಕಾಕು ಎಲ್ಲರನ್ನೂ ಕೇಳುತ್ತಿದ್ದರು, ಪ್ರತಿ ರೊಟ್ಟಿಗೂ ಕೇಳುತ್ತಿದ್ದರು. ರೊಟ್ಟಿ ಬೇಕೇನು, ಪಲ್ಯ ಬೇಕೇನು, ಮೊಸರು ಬೇಕೇನು. ಬೇಕು ಎಂದು ಹತ್ತು ಸಲ ಅಂದರೆ ಹತ್ತು ಸಲ ನೀಡುವರು. ಬುಟ್ಟಿ ಬರಿದಾದರೆ ಒಳಗೆ ಹೋಗಿ ಹೊಸದಾಗಿ ಬಡಿದು ಬಿಸಿಬಿಸಿ ತರುವರು. ಬೇಡ ಎಂದರೆ ಮುಂದಿನ ತಾಟಿಗೆ ಹೋಗುವರು. ಮೂರು ವರ್ಷದಲ್ಲಿ ಒಂದು ದಿನವೂ ನಾನು ಅರೆಹೊಟ್ಟೆಯಲ್ಲಿ ಎದ್ದಿಲ್ಲ. ಇದನ್ನು ನಾಟಕದಲ್ಲಿ ಬರೆದೆನೇ? ಇಲ್ಲ.

ಒಂದು ಮಧ್ಯಾಹ್ನ ನಾನೊಬ್ಬನೇ ಊಟಕ್ಕಿದ್ದೆ. ಬುದ್ಧಿವಂತನಂತೆ ಹೇಳಿದೆ: "ಕಾಕು, ಹಿಂಗ ಕೇಳಿದ್ರ ಮಂದಿ ತಪ್ಪ ತಿಳೀತಾರ್ರಿ. ಸುಮ್ಮನ ನೀಡಿಬಿಡ್ರಿ."

ಕಾಕು ಬುಟ್ಟಿ ಕೆಳಗಿಟ್ಟು ನನ್ನೆದುರು ಕೂತರು.

"ತಮ್ಮಾ, ಹದಿನೈದು ವರ್ಷ ಆ ಮನ್ಯಾಗ ಬಾಳೇವು ಮಾಡೇನಿ. ತಾಟಿಗೆ ಬಿದ್ದದ್ದ ಉಂಡೇನಿ, ತಂದದ್ದ ಸೀರಿ ಉಟ್ಟೇನಿ. ಲಗ್ನಕ್ಕೂ ನನ್ನ ಯಾರೂ ಕೇಳಲಿಲ್ಲ, ಅವರು ಹೋದ ಮ್ಯಾಲ ಬಳಿ ಒಡಿಯಾಗೂ ಯಾರೂ ಕೇಳಲಿಲ್ಲ. ನಿನಗ ಬೇಕೇನು ಅಂತ ಒಬ್ಬರ ಬಾಯಾಗ ಒಂದಿನಾ ಬರಲಿಲ್ಲ. ನನ್ನ ಮನ್ಯಾಗ ಉಣ್ಣಾವ್ರನ್ನ ನಾ ಕೇಳೇ ಕೇಳ್ತೇನಿ. ಮಂದಿ ಏನರ ಅನ್ಲಿ."

ಹೇಳಿ, ಎದ್ದು, ಒಳಗೆ ಹೋದರು. ಅಳಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಅಂದು ನನ್ನ ತಾಟನ್ನು ನಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟೆ. ಆ ವಯಸ್ಸಿನಲ್ಲಿ ಇನ್ನೂ ಸ್ವಲ್ಪ ಮನುಷ್ಯನಾಗಿದ್ದೆ ಎಂದು ಕಾಣುತ್ತದೆ.

ನಾಟಕ ಬರೆದದ್ದು ಎಷ್ಟೋ ವರ್ಷಗಳ ನಂತರ, ಕಾಲೇಜಿನಲ್ಲಿ ನೌಕರಿ ಹಿಡಿದು, ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡ್ರುವಂಥವನಾದ ಮೇಲೆ. ಮೊದಲ ಕರಡಿನಲ್ಲಿ ಕಾಕು ಹೇಳಿದ ಈ ಮಾತು ಇತ್ತು. ಮೂರನೇ ಅಂಕದಲ್ಲಿ ಚಂದ್ರವ್ವ ಬುಟ್ಟಿ ಕೆಳಗಿಟ್ಟು ಕೂತು ಹೇಳುತ್ತಿದ್ದಳು. ನಾನೇ ಗಟ್ಟಿಯಾಗಿ ಓದಿ ನೋಡಿದೆ. ಅಲ್ಲಿಗೆ ಬರುವ ತನಕ ಚೆನ್ನಾಗಿ ನಗು ಬರುತ್ತಿತ್ತು. ಆ ಮಾತು ಬಂದೊಡನೆ ಹಿಂದಿನ ನಗುವೆಲ್ಲ ಹೇಸಿಗೆ ಅನ್ನಿಸುತ್ತಿತ್ತು. ನಕ್ಕವನಿಗೆ ನಾಚಿಕೆಯಾಗುತ್ತಿತ್ತು. ಪಾತ್ರ ಅಚ್ಚಿನಿಂದ ಹೊರಗೆ ಕಾಲಿಡುತ್ತಿತ್ತು. ನಾನು ಆ ಪುಟ ತೆಗೆದೆ. ತೆಗೆ ಎಂದು ಯಾರೂ ಹೇಳಲಿಲ್ಲ. ನಿರ್ದೇಶಕನಿಗೆ ಆ ಪುಟ ತೋರಿಸಲೂ ಇಲ್ಲ. ಮೂರನೇ ಅಂಕದಲ್ಲಿ ಅದರ ಬದಲು ಇಲಿಯೊಂದು ರೊಟ್ಟಿ ಕದಿಯುವ ಪ್ರಸಂಗ ಹಾಕಿದೆ. ಚಂದ್ರವ್ವ ಇಲಿಯನ್ನೂ ಬೇಕೇನು ಎಂದು ಕೇಳುತ್ತಾಳೆ. ಜನ ಕುರ್ಚಿಯಿಂದ ಬೀಳುವುದು ಅಲ್ಲೇ.

ಮೊದಲ ಪ್ರಯೋಗದಂದು ನಾನು ಕೊನೆಯ ಸಾಲಿನಲ್ಲಿ ನಿಂತು ನಗು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದೆ. ವಿದ್ವಾಂಸರೊಬ್ಬರು ಕೈ ಕುಲುಕಿ, ಈ ಹೆಂಗಸು ನಮ್ಮ ಓಣಿಯಲ್ಲೇ ಇದ್ದಾಳೆ ಅನ್ನಿಸಿತು ಎಂದರು. ಎಷ್ಟು ಸುಲಭಕ್ಕೆ ನಂಬುತ್ತಾರೆ ಈ ಓದಿದ ಮಂದಿ. ತಮಗೆ ಮೊದಲೇ ಇದ್ದ ಪೂರ್ವಗ್ರಹಕ್ಕೆ ಯಾರಾದರೂ ಸೀರೆ ಉಡಿಸಿ ನಿಲ್ಲಿಸಿದರೆ ಅದನ್ನೇ ಬದುಕಿನ ಸತ್ಯ ಎನ್ನುತ್ತಾರೆ. ಅವರನ್ನು ಮನಸ್ಸಿನಲ್ಲೇ ಹೀಯಾಳಿಸುತ್ತ, ಮುಖದಲ್ಲಿ ವಿನಯ ತಂದುಕೊಂಡು, "ಎಲ್ಲಾ ಕಲ್ಪನೆರಿ" ಎಂದೆ. ಆ ಸುಳ್ಳು ಅಲ್ಲಿಂದ ಶುರುವಾಯಿತು.

ಸಪ್ತಾಪುರದಲ್ಲಿ ಏನಾಯಿತೆಂಬುದು ನನಗೆ ತಡವಾಗಿ ತಿಳಿಯಿತು ಎಂದು ಬರೆಯಬಹುದಿತ್ತು. ಅದೂ ಸುಳ್ಳಾಗುತ್ತದೆ. ತಿಂಗಳೊಳಗೇ ತಿಳಿಯಿತು. ಹುಡುಗರು ಖಾನಾವಳಿಯಲ್ಲಿ ಸಾಲಾಗಿ ಕೂತು, ಕಾಕು ಬುಟ್ಟಿ ಹಿಡಿದು ಹೊರಗೆ ಬಂದೊಡನೆ ಎಲ್ಲರೂ ಕೂಡಿ "ಬೇಕೇನು?" ಎಂದು ರಾಗ ಎಳೆಯುತ್ತಿದ್ದರಂತೆ. ಕಾಕುವಿಗೆ ಮೊದಮೊದಲು ಅರ್ಥವಾಗಿರಲಿಲ್ಲ, ತಾವೂ ನಗುತ್ತಿದ್ದರಂತೆ. ಆಮೇಲೆ ಯಾರೋ ಒಬ್ಬ ಇಲಿಯ ಪ್ರಸಂಗವನ್ನು ಅವರ ಎದುರಿಗೇ ಅಭಿನಯಿಸಿ ತೋರಿಸಿದ.

ಮರುವಾರ ಕಾಕು ನಮ್ಮ ಮನೆಗೆ ಬಂದರು. ಹಗಲು ಹನ್ನೊಂದರ ಹೊತ್ತು. ತಲೆಯ ಮೇಲೆ ಸೆರಗು. ನನ್ನ ಓದುವ ಕೋಣೆಯ ಬಾಗಿಲಲ್ಲಿ ನಿಂತರು. ಕೂಡ್ರಿ ಎಂದರೂ ಕೂಡ್ರಲಿಲ್ಲ.

"ತಮ್ಮಾ, ನಿನ್ನ ನಾಟಕದಾಗ ಚಂದ್ರವ್ವ ಅಂತ ಒಬ್ಬಾಕಿ ಅದಾಳಂತಲ್ಲ. ಆಕಿ ನಾನ ಏನು?"

"ಛೇ, ನೀವಲ್ಲರಿ ಕಾಕು. ಅದೊಂದು ಮಾದರಿ. ಇಂಥಾವ್ರು ಎಲ್ಲಾ ಊರಾಗೂ ಇರ್ತಾರ."

"ಎಂಥಾವ್ರು?"

ಅಲ್ಲಿ — ಅಲ್ಲಿ ನಾನು ಸುಮ್ಮನಿದ್ದರೂ ಆಗುತ್ತಿತ್ತು. ಕಾಲು ಹಿಡಿಯಬೇಕಿತ್ತು, ಅದು ಬೇರೆ ಮಾತು. ಸುಮ್ಮನಾದರೂ ಇರಬಹುದಿತ್ತು. "ಅಂದ್ರ, ಸ್ವಲ್ಪ ಕೈ ಬಿಗಿ ಇರಾವ್ರು" ಎಂದೆ.

"ಹೌದೇನು" ಎಂದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹೋದರು. ಬಾಗಿಲು ಹಾಕಿಕೊಂಡು ನಾನು ಉಸಿರು ಬಿಟ್ಟೆ, ಬಚಾವಾದೆ ಅನ್ನಿಸಿತು. ಮಾತಿನಲ್ಲಿ ಗೆದ್ದ ಖುಷಿಯೂ ಸ್ವಲ್ಪ ಇತ್ತು. ಮಾದರಿ ಎಂಬ ಶಬ್ದ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದುಕೊಂಡೆ.

ಅದಾದ ಮೇಲೆ ಒಂದೇ ಸಲ ಅಲ್ಲಿಗೆ ಊಟಕ್ಕೆ ಹೋದೆ, ಎಲ್ಲ ಸರಿಯಿದೆ ಎಂದು ನನಗೆ ನಾನೇ ತೋರಿಸಿಕೊಳ್ಳಲು. ಕಾಕು ಬುಟ್ಟಿ ಹಿಡಿದು ಬಂದರು. ನನ್ನ ತಾಟಿನ ಮುಂದೆ ನಿಂತರು. ಬಾಯಿ ತೆರೆಯಿತು, ಮುಚ್ಚಿತು. ಏನೂ ಕೇಳದೆ ಎರಡು ರೊಟ್ಟಿ ಹಾಕಿದರು, ಅದರ ಮೇಲೆ ಇನ್ನೆರಡು. ಎಲ್ಲರಿಗೂ ಹಾಗೇ. ಊರಿನ ಎಲ್ಲರಂತೆ, ಕೇಳದೆ, ತುಂಬಿ ತುಳುಕುವಂತೆ. ಹುಡುಗರು ಬಿಟ್ಟೆದ್ದ ರೊಟ್ಟಿಗಳನ್ನು ತಾಟುಗಳಿಂದ ಎತ್ತಿ ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದರು. ಅವರ ಜೀವಮಾನದಲ್ಲಿ ಅವರದೇ ಅಂತ ಇದ್ದದ್ದು ಆ ಒಂದು ಪ್ರಶ್ನೆ. ಅದು ಹೋಗಿತ್ತು, ನನ್ನ ಹಾಸ್ಯಕ್ಕೆ.

ಮತ್ತು ನಾನು ಮಾಡಿದ್ದೇನು? ಮನೆಗೆ ಬಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ — "ಬಾಯಿ ತೆರೆದು ಮುಚ್ಚುವುದು. ಮಾತಿಗಿಂತ ಪರಿಣಾಮಕಾರಿ." ಕೈಪಿಡಿಯ ಐದನೇ ಅಧ್ಯಾಯದಲ್ಲಿ ಅದೂ ಇದೆ. "ಪಾತ್ರಕ್ಕೊಂದು ಮೌನ ಕೊಡಿ" ಎಂದು ಶೀರ್ಷಿಕೆ. ಕೊಡಿ ಅಂತೆ. ಕೊಟ್ಟೆನಲ್ಲ, ನಾನು ಕೊಟ್ಟೆ. ಈ ಅಧ್ಯಾಯವನ್ನು ಬಹಳ ಜನ ಹೊಗಳಿದ್ದಾರೆ.

ಕೆಲವು ವರ್ಷಗಳಲ್ಲಿ ಕಾಕು ಖಾನಾವಳಿ ಮುಚ್ಚಿ ಉಣಕಲ್ಲಿಗೆ, ತಮ್ಮನ ಮಗಳ ಮನೆಗೆ ಹೋದರೆಂದು ಕೇಳಿದೆ. ವಯಸ್ಸಾಯಿತು, ಕೈ ಸೋತವು, ಅದಕ್ಕೇ ಮುಚ್ಚಿದರು ಎಂದು ನನಗೆ ನಾನು ಹೇಳಿಕೊಂಡೆ. ಇರಬಹುದು. ಹುಬ್ಬಳ್ಳಿಗೆ ಹೋಗುವಾಗಲೆಲ್ಲ ಬಸ್ಸು ಉಣಕಲ್ ದಾಟುತ್ತಿತ್ತು. ನಾನು ಕಿಟಕಿಯಾಚೆ ಕೆರೆಯ ಕಡೆ ನೋಡುತ್ತಿದ್ದೆ, ಊರಿನ ಕಡೆ ನೋಡುತ್ತಿರಲಿಲ್ಲ.

ಈ ವರ್ಷದ ಕಮ್ಮಟದಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಎರಡನೇ ಸಾಲು. "ಸರ್, ಚಂದ್ರವ್ವ ಯಾಕ ಬೇಕೇನು ಅಂತ ಕೇಳ್ತಾಳರಿ?" ಎಂದಳು.

ಇಪ್ಪತ್ತೆರಡು ವರ್ಷಗಳಲ್ಲಿ ಇದನ್ನು ಕೇಳಿದವರು ಒಬ್ಬರೂ ಇರಲಿಲ್ಲ. ವಿಮರ್ಶಕರು ಕೇಳಲಿಲ್ಲ, ನಟಿಯರು ಕೇಳಲಿಲ್ಲ. ಉತ್ತರ ನನ್ನ ಹತ್ತಿರವಿತ್ತು, ಕಾಕುವಿನ ದನಿಯಲ್ಲೇ ಇತ್ತು. "ಅದು ಆಕಿ ಸ್ವಭಾವ" ಎಂದೆ. ಹುಡುಗಿ ಕೂತು ಅದನ್ನು ಬರೆದುಕೊಂಡಳು. ಸ್ವಭಾವ ಎಂದು ಬರೆದು ಅಡಿಗೆರೆ ಎಳೆದಳು. ಮೇಜಿನ ಈಚೆಯಿಂದ ನನಗೆ ಕಾಣುತ್ತಿತ್ತು. ಸಂಜೆಯ ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ನನ್ನ ಮೈಯಿಂದ ನನಗೇ ನಾತ ಬರುತ್ತಿದೆ ಅನ್ನಿಸಿತು.

ಹೋದ ಮಂಗಳವಾರ ಉಣಕಲ್ಲಿಗೆ ಹೋದೆ. ಕಾಕುವಿಗೆ ಈಗ ಎಂಬತ್ತರ ಹತ್ತಿರ. ಪಡಸಾಲೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಗುರುತು ಹಿಡಿದರು. "ಕಿಟಕಿ ಬಾಜೂ ಕುಂದರತಿದ್ದಿ" ಎಂದರು. ನೆನಪು ಗಟ್ಟಿಯಿದೆ — ನನ್ನ ಜೊತೆ ಉಣ್ಣುತ್ತಿದ್ದವರ ಹೆಸರು, ಅವರ ಊರು, ಯಾರಿಗೆ ಬದನೆಕಾಯಿ ಸೇರುತ್ತಿರಲಿಲ್ಲ ಎಂಬುದು, ಎಲ್ಲ ಹೇಳಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ದೊಡ್ಡ ದೊಡ್ಡ ವಾಕ್ಯಗಳು ನನಗೆ ನೆನಪಾಗಲಿಲ್ಲ.

"ಕಾಕು, ಆ ಚಂದ್ರವ್ವ ನೀವ. ಅವತ್ತ ನಾ ಸುಳ್ಳ ಹೇಳಿದೆರಿ."

"ಅದು ನನಗ ಅವತ್ತ ಗೊತ್ತಾಗಿತ್ತಪಾ."

"ಗೊತ್ತಿದ್ದೂ ಯಾಕ ಸುಮ್ಮನ ಹೋದ್ರಿ?"

ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀ ಕಲತಾಂವ. ಮೂರು ವರ್ಷ ನನ್ನ ಕೈಯಾಗ ಉಂಡಾಂವ. ನೀ ನೋಡಿ ಬರದದ್ದು ಖರೇ ಇರಬೇಕು ಅಂದ್ಕೊಂಡೆ. ನಾ ಕೈ ಬಿಗಿ ಹಿಡದ ನೀಡ್ತಿದ್ನಿ ಏನೋ, ನನಗ ತಿಳೀಲಿಲ್ಲ ಏನೋ ಅಂತ. ಬಾಳ ದಿನಾ ಅದನ್ನ ವಿಚಾರ ಮಾಡಿದ್ನಿ. ಇರಬೇಕು ಬಿಡು."

"ಇಲ್ಲರಿ ಕಾಕು. ನೀವು ಹಂಗ ಇರಲಿಲ್ಲ. ಒಂದಿನಾನೂ ಇರಲಿಲ್ಲ."

"ಮತ್ತ ಯಾಕ ಕೇಳ್ತಿದ್ನಿ?"

ಹಂಗಿಸುತ್ತಿದ್ದಾರೆ ಅಂದುಕೊಂಡೆ. ಅಲ್ಲ. ನಿಜವಾಗಿಯೇ ಕೇಳುತ್ತಿದ್ದರು. ಬದನೆಕಾಯಿ ಸೇರದವನ ಊರು ನೆನಪಿದ್ದ ಹೆಂಗಸಿಗೆ ಇದು ನೆನಪಿರಲಿಲ್ಲ. ಆ ಜಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಚಂದ್ರವ್ವ ಕೂತಿದ್ದಳು.

ನಾನು ಹೇಳಿದೆ. ಆ ದೊಡ್ಡ ಮನೆ, ತಾಟಿಗೆ ಬಿದ್ದದ್ದು, ತಂದ ಸೀರೆ, ಲಗ್ನ, ಬಳೆ. ನನ್ನ ಮನೆಯಲ್ಲಿ ಉಣ್ಣುವವರನ್ನು ನಾನು ಕೇಳಿಯೇ ಕೇಳುತ್ತೇನೆ ಎಂದದ್ದು. ಒಂದು ಶಬ್ದ ಹೆಚ್ಚು ಮಾಡಲಿಲ್ಲ, ಒಂದು ಕಡಿಮೆ ಮಾಡಲಿಲ್ಲ. ಜೀವನದಲ್ಲಿ ಮೊದಲ ಸಲ. ಕಾಕು ಕೈ ನಿಲ್ಲಿಸಿ ಕೇಳಿದರು. ಕೊನೆಗೆ ತಲೆಯಾಡಿಸಿದರು, ಯಾರದೋ ಕತೆ ಕೇಳಿ ಮನಸ್ಸಿಗೆ ಹಿಡಿಸಿದವರ ಹಾಗೆ.

"ಛಲೋ ಐತಿ" ಎಂದರು. "ಇದನ್ನೂ ನೀನ ಬರದೀ ಏನು?"

"ಇಲ್ಲರಿ, ಇದು ನೀವ ಹೇಳಿದ್ದು."

"ಇರವಲ್ಲದಾಕ, ಇರಲಿ ಬಿಡು" ಎಂದು ನಕ್ಕು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಅವರು ನಂಬಲಿಲ್ಲ.

ನಂಬುವಂಥ ಪಾತ್ರ ಕಟ್ಟುವುದನ್ನು ಊರಿಗೆಲ್ಲ ಕಲಿಸಿದವನು, ಕಾಕುವಿನ ಮಾತನ್ನು ಕಾಕುವೇ ನಂಬುವಂತೆ ಮಾಡಲಾರದೆ ಎದ್ದು ಬಂದೆ. ನಾಲ್ಕು ಮತ್ತು ಐದನೇ ಅಧ್ಯಾಯಗಳನ್ನು ತೆಗೆಯಿರಿ ಎಂದು ಪ್ರಕಾಶಕರಿಗೆ ಬರೆದಿದ್ದೇನೆ. ಅದರಿಂದ ಕಾಕುವಿಗೆ ಏನೂ ಮರಳಿ ಸಿಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಬರುವ ಮಂಗಳವಾರ ಮತ್ತೆ ಉಣಕಲ್ಲಿಗೆ ಹೋಗುತ್ತೇನೆ, ಅದರ ಮುಂದಿನ ಮಂಗಳವಾರವೂ. ಅವರದೇ ಆ ಮಾತನ್ನು ಅವರಿಗೆ ಮತ್ತೆ ಹೇಳುತ್ತೇನೆ. ಅವರು ನಗುತ್ತಾರೆ.